ಗಂಡ ಗಡಿಯಲ್ಲಿ, ಹೆಂಡತಿ ಬೆಂಗಳೂರಿನಲ್ಲಿ: ಇದು ಕಾನೂನಿನ ‘ಪ್ರತ್ಯೇಕ ವಾಸ’ವೇ?

ಪ್ರಶ್ನೆ: ನನ್ನ ಪತಿ ಭೂಸೇನೆಯಲ್ಲಿ ಹವಾಲ್ದಾರ್. ಮದುವೆಯಾಗಿ ಒಂಬತ್ತು ವರ್ಷವಾಯಿತು, ಏಳು ವರ್ಷದ ಮಗಳಿದ್ದಾಳೆ. ಮೂರು ವರ್ಷಗಳಿಂದ ಅವರು ಜಮ್ಮುವಿನ ಕಡೆ ಇದ್ದಾರೆ. ನಾನು ಕಾವಲ್ ಬೈರಸಂದ್ರದಲ್ಲಿ ಬಾಡಿಗೆ ಮನೆಯಲ್ಲಿದ್ದೇನೆ. ಈ ಸಂಸಾರ ಮುಂದುವರಿಸುವ ಮನಸ್ಸು ಇಬ್ಬರಿಗೂ ಇಲ್ಲ. ಮೂರು ವರ್ಷ ದೂರವಿದ್ದರೆ ವಿಚ್ಛೇದನ ತಾನಾಗಿ ಸಿಗುತ್ತದೆ ಎಂದು ನಮ್ಮ ಅಣ್ಣ ಹೇಳುತ್ತಾರೆ. ಯೂನಿಟ್‌ನ ಸಿ.ಒ. (ಕಮಾಂಡಿಂಗ್ ಆಫೀಸರ್) ಸಾಹೇಬರು ಒಪ್ಪದೆ ಏನೂ ನಡೆಯದು ಎಂದು ಪಕ್ಕದ ಮನೆಯ ಸುಬೇದಾರರ ಪತ್ನಿ ಹೇಳುತ್ತಾರೆ. ಯಾರ ಮಾತು ನಿಜ?

ಉತ್ತರ: ಇಬ್ಬರದೂ ಅಲ್ಲ. ಸುಲಭವಾದದ್ದನ್ನು ಮೊದಲು ಮುಗಿಸೋಣ. ಮದುವೆಯನ್ನು ರದ್ದು ಮಾಡುವ ಅಧಿಕಾರ ಕಮಾಂಡಿಂಗ್ ಆಫೀಸರ್‌ಗೆ ಇಲ್ಲ, ತಡೆಯುವ ಅಧಿಕಾರವೂ ಇಲ್ಲ. ನಿಮ್ಮಿಬ್ಬರ ಮದುವೆ ಹಿಂದೂ ವಿವಾಹ ಕಾಯ್ದೆ 1955ರ ಪ್ರಕಾರ ನಡೆದಿದ್ದರೆ ಅದು ಕೊನೆಯಾಗುವುದೂ ಅದೇ ಕಾಯ್ದೆಯ ಪ್ರಕಾರ, ಕೌಟುಂಬಿಕ ನ್ಯಾಯಾಲಯದಲ್ಲಿಯೇ. ಸಮವಸ್ತ್ರ ತೊಟ್ಟವರಿಗೆಂದು ಬೇರೆ ವಿಚ್ಛೇದನ ಕಾನೂನು ನಮ್ಮಲ್ಲಿಲ್ಲ. ಸೈನಿಕರ ವಿಷಯದಲ್ಲಿ ವ್ಯತ್ಯಾಸವಿರುವುದು ಹಣ ವಸೂಲಿಯ ದಾರಿಯಲ್ಲಿ ಮತ್ತು ತಾರೀಖುಗಳ ಲೆಕ್ಕದಲ್ಲಿ. ಸಿ.ಒ. ಕಚೇರಿಯ ಪಾತ್ರ ಬರುವುದು ಅಲ್ಲಿ.

ಇನ್ನು ನಿಮ್ಮ ಅಣ್ಣನವರ ಮಾತು. ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ, ಅಂದರೆ ಕಾಯ್ದೆಯ 13ಬಿ ಕಲಮಿನ ಅರ್ಜಿಗೆ, ಗಂಡ ಹೆಂಡತಿ ಕನಿಷ್ಠ ಒಂದು ವರ್ಷ ಪ್ರತ್ಯೇಕವಾಗಿ ವಾಸಿಸಿರಬೇಕು. ಮೂರು ವರ್ಷ ಜಮ್ಮು ಒಂದು ಕಡೆ, ಬೆಂಗಳೂರು ಒಂದು ಕಡೆ ಎಂದರೆ ಷರತ್ತು ಮೂರು ಸಲ ಪೂರೈಸಿದಂತಲ್ಲವೇ ಎಂದು ತೋರುವುದು ಸಹಜ. ಆದರೆ ‘ಪ್ರತ್ಯೇಕ ವಾಸ’ ಎಂದರೆ ಮನೆಯ ವಿಳಾಸ ಬೇರೆಯಾಗುವುದಲ್ಲ, ಗಂಡ ಹೆಂಡತಿಯಾಗಿ ಬಾಳುವುದು ನಿಂತುಹೋಗುವುದು ಎಂದು ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿದೆ. ಒಂದೇ ಸೂರಿನ ಕೆಳಗಿದ್ದೂ ಪ್ರತ್ಯೇಕವಾಗಿರಬಹುದು, ಎರಡು ಊರುಗಳಲ್ಲಿದ್ದೂ ಸಂಸಾರ ಮಾಡುತ್ತಿರಬಹುದು. ಈ ಎರಡನೆಯ ಮಾತು ಸೇನೆಯ ಕುಟುಂಬಗಳಿಗೆಂದೇ ಹೇಳಿದಂತಿದೆ. ಫೀಲ್ಡ್ ಪೋಸ್ಟಿಂಗ್‌ಗೆ (ಗಡಿಯಂತಹ ಕಡೆಯ ನಿಯೋಜನೆಗೆ) ಹೆಂಡತಿ ಮಕ್ಕಳನ್ನು ಕರೆದೊಯ್ಯುವಂತಿಲ್ಲ. ಕೊಡಗಿನಲ್ಲೋ ಬೆಳಗಾವಿಯಲ್ಲೋ ಹೀಗೆ ವರ್ಷಗಟ್ಟಲೆ ದೂರವಿದ್ದು ಚೆನ್ನಾಗಿಯೇ ಬಾಳಿದ ಮನೆಗಳು ಎಷ್ಟಿಲ್ಲ!

ಆದ್ದರಿಂದ ನ್ಯಾಯಾಧೀಶರು ನೋಡುವುದು ಪೋಸ್ಟಿಂಗ್ ಆದೇಶದ ತಾರೀಖನ್ನಲ್ಲ, ಮನಸ್ಸು ಮುರಿದ ಕಾಲವನ್ನು. ಕಳೆದ ಬಾರಿ ರಜೆಗೆ ಬಂದಾಗ ಅವರು ಕಾವಲ್ ಬೈರಸಂದ್ರದ ಮನೆಗೆ ಬಂದರೋ, ನೇರವಾಗಿ ತಮ್ಮ ತಾಯಿಯ ಊರಿಗೆ ಹೋದರೋ? ಜವಾನರಿಗೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ, 30 ದಿನ ಸಾಂದರ್ಭಿಕ ರಜೆ ಇರುತ್ತದೆ. ಆ ದಿನಗಳು ಹೇಗೆ ಕಳೆದವು ಎಂಬುದರಲ್ಲೇ ನಿಮ್ಮ ಉತ್ತರವಿದೆ. ಎಂಟು ತಿಂಗಳ ಹಿಂದಿನ ರಜೆಯನ್ನು ಇಬ್ಬರೂ ಸಂಸಾರಸ್ಥರಂತೆ ಒಟ್ಟಿಗೆ ಕಳೆದಿದ್ದರೆ ಒಂದು ವರ್ಷದ ಲೆಕ್ಕ ಶುರುವಾಗುವುದು ಅದರ ನಂತರ. ಎರಡು ವರ್ಷಗಳಿಂದ ಅವರು ಆ ಹೊಸ್ತಿಲನ್ನೇ ತುಳಿದಿಲ್ಲವಾದರೆ ಲೆಕ್ಕ ಎಂದೋ ಮುಗಿದಿದೆ. ಅರ್ಜಿಯಲ್ಲಿ ‘ಮೂರು ವರ್ಷಗಳಿಂದ ಬೇರೆಯಾಗಿದ್ದೇವೆ’ ಎಂದು ಸಾರಾಸಗಟಾಗಿ ಬರೆಸಬೇಡಿ. ನಿಜವಾದ ತಿಂಗಳನ್ನು ಬರೆಸಿ.

ಇದರ ಇನ್ನೊಂದು ಮುಖವನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಜಗಳಕ್ಕೆ ಬಿದ್ದವರು ಮೊದಲು ಕೈ ಹಾಕುವುದು ಇದಕ್ಕೇ. ಎರಡು ವರ್ಷ ಸತತವಾಗಿ ಪರಿತ್ಯಾಗ ಮಾಡಿದ್ದರೆ ಅದು ವಿಚ್ಛೇದನಕ್ಕೆ ಕಾರಣವಾಗುತ್ತದೆ. ಆದರೆ ಕರ್ತವ್ಯಕ್ಕೆ ಹೋದ ಗಂಡ ಹೆಂಡತಿಯನ್ನು ತೊರೆದಂತಾಗುವುದಿಲ್ಲ. ಕ್ವಾರ್ಟರ್ಸ್ ಸಿಗದೆ, ಮಗುವಿನ ಶಾಲೆ ತಪ್ಪಿಸಲಾಗದೆ ಬೆಂಗಳೂರಿನಲ್ಲೇ ಉಳಿದ ಹೆಂಡತಿಯೂ ಗಂಡನನ್ನು ತೊರೆದಂತಲ್ಲ. ತೊರೆಯುವ ಉದ್ದೇಶವಿತ್ತು ಎಂಬುದನ್ನು ರುಜುವಾತು ಮಾಡಬೇಕು.

ನಿಮ್ಮಿಬ್ಬರಲ್ಲಿ ಒಪ್ಪಿಗೆ ಇರುವುದರಿಂದ ದಾರಿ ಅಷ್ಟೇನೂ ಕಡಿದಲ್ಲ. ನೀವು ಕೊನೆಯದಾಗಿ ಒಟ್ಟಿಗೆ ಬಾಳಿದ್ದು ಬೆಂಗಳೂರಿನಲ್ಲಾದರೆ ಅರ್ಜಿ ಹಾಕುವುದು ಶಾಂತಿನಗರದ ಬಳಿ ಎಚ್. ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದಲ್ಲಿರುವ ಕೌಟುಂಬಿಕ ನ್ಯಾಯಾಲಯದಲ್ಲಿ. 2003ರ ತಿದ್ದುಪಡಿಯ ನಂತರ ಪತ್ನಿ ತಾನು ವಾಸವಿರುವ ಊರಿನಲ್ಲೇ ಅರ್ಜಿ ಹಾಕಬಹುದು, ಹಾಗಾಗಿ ಜಮ್ಮುವಿಗೆ ಓಡುವ ಭಯ ಬೇಡ. ಮೊದಲ ಅರ್ಜಿಗೂ ಅಂತಿಮ ಹೇಳಿಕೆಗೂ ನಡುವೆ ಆರು ತಿಂಗಳ ಕಾಯುವಿಕೆ ಇದೆ. ಈ ಅವಧಿಯನ್ನು ನ್ಯಾಯಾಲಯ ಮನ್ನಾ ಮಾಡಬಹುದು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತು. ಆದರೆ ಮೊದಲ ಅರ್ಜಿಗೆ ಮುಂಚೆಯೇ ಪ್ರತ್ಯೇಕ ವಾಸ ಹದಿನೆಂಟು ತಿಂಗಳು ದಾಟಿರಬೇಕು, ಮಧ್ಯಸ್ಥಿಕೆ ಫಲಿಸದಿರಬೇಕು, ಜೀವನಾಂಶ ಮತ್ತು ಮಗುವಿನ ವಿಚಾರ ಪ್ರಾಮಾಣಿಕವಾಗಿ ಇತ್ಯರ್ಥವಾಗಿರಬೇಕು. ನಿಜವಾದ ತಿಂಗಳನ್ನು ಬರೆಸಿ ಎಂದದ್ದು ಇದಕ್ಕಾಗಿಯೂ ಹೌದು.

ಅದೇ ತೀರ್ಪಿನಲ್ಲಿ ಹೆಚ್ಚು ಜನರ ಗಮನಕ್ಕೆ ಬಾರದ ಒಂದು ಸಾಲಿದೆ. ಸಕಾರಣವಾಗಿ ಬರಲಾಗದ ಪಕ್ಷಗಾರರು ವಿಡಿಯೊ ಕಾನ್ಫರೆನ್ಸ್ ಮೂಲಕ ಹಾಜರಾಗಬಹುದು, ಇಲ್ಲವೇ ತಂದೆ ತಾಯಿ, ಒಡಹುಟ್ಟಿದವರಂತಹ ಹತ್ತಿರದ ಸಂಬಂಧಿಕರ ಮೂಲಕ ಪ್ರತಿನಿಧಿಸಲು ನ್ಯಾಯಾಲಯ ಅನುಮತಿ ಕೊಡಬಹುದು. ಗಡಿಯಲ್ಲಿರುವವರಿಗೆ ಇದಕ್ಕಿಂತ ಉಪಯುಕ್ತವಾದ ಸಾಲು ಬೇಕೇ?

ಅವರೇ ಬರುವುದಾದರೆ ಸೇನಾ ಕಾಯ್ದೆ 1950ರ 32ನೇ ಕಲಂ ನೆನಪಿರಲಿ. ಮೊಕದ್ದಮೆಗಾಗಿ ರಜೆ ಮಂಜೂರಾಗಿದೆ ಅಥವಾ ರಜೆಗೆ ಅರ್ಜಿ ಹಾಕಲಾಗಿದೆ ಎಂದು ಸೇನಾ ಅಧಿಕಾರಿಗಳು ಕೊಟ್ಟ ಪ್ರಮಾಣಪತ್ರವನ್ನು ಹಾಜರುಪಡಿಸಿದರೆ, ಸಾಧ್ಯವಾದಮಟ್ಟಿಗೆ ಆ ರಜೆಯ ಅವಧಿಯೊಳಗೇ ವಿಚಾರಣೆ ಮುಗಿಸಲು ನ್ಯಾಯಾಲಯ ಏರ್ಪಾಡು ಮಾಡಬೇಕು. ಪತ್ರದಲ್ಲಿ ರಜೆಯ ಮೊದಲ ದಿನ, ಕೊನೆಯ ದಿನ ಎರಡೂ ಇರಬೇಕು. ಕೇಳದೆ ಇದು ಸಿಗುವುದಿಲ್ಲ. ಕೇಳದವರು ವಾಯಿದೆಯ ಮೇಲೆ ವಾಯಿದೆ ಪಡೆದು, ರಜೆ ಮುಗಿಸಿ, ರೈಲು ಹತ್ತುತ್ತಾರೆ.

ಮುಂದೆ ಒಪ್ಪಿಗೆ ಮುರಿದುಬಿದ್ದರೆ ಮಾತು ಬೇರೆ. ಆಗ ಸಮನ್ಸ್ ಅವರ ಕಮಾಂಡಿಂಗ್ ಆಫೀಸರ್ ಮೂಲಕ ಜಾರಿಯಾಗುತ್ತದೆ. ಅವರು ಯುದ್ಧದ ಅಥವಾ ವಿಶೇಷ ಪರಿಸ್ಥಿತಿಯ ಸೇವೆಯಲ್ಲಿದ್ದಾರೆ ಎಂಬ ಪ್ರಮಾಣಪತ್ರ ಬಂದರೆ ಭಾರತೀಯ ಸೈನಿಕರ ವ್ಯಾಜ್ಯ ಕಾಯ್ದೆ 1925ರ ಪ್ರಕಾರ ವಿಚಾರಣೆ ತಾತ್ಕಾಲಿಕವಾಗಿ ನಿಲ್ಲಬಹುದು. ಸೈನಿಕನ ಬೆನ್ನ ಹಿಂದೆ ಡಿಕ್ರಿ (ನ್ಯಾಯಾಲಯದ ಅಂತಿಮ ಆದೇಶ) ಆಗಬಾರದು ಎಂಬ ಬ್ರಿಟಿಷ್ ಕಾಲದ ಕಾಳಜಿ ಅದು. ನ್ಯಾಯವೇ ಸರಿ, ಆದರೆ ಕಾಯುವ ಹೆಂಡತಿಗೆ ಬಾಡಿಗೆ ಕಟ್ಟುವ ದಿನ ನಿಲ್ಲುವುದಿಲ್ಲ.

ಅದಕ್ಕೇ ಹಣದ ವಿಚಾರವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸಾಮಾನ್ಯ ನೌಕರನಾದರೆ ಜೀವನಾಂಶ ಬಾಕಿ ಉಳಿಸಿಕೊಂಡಾಗ ನ್ಯಾಯಾಲಯ ಸಂಬಳವನ್ನೇ ಜಪ್ತಿ ಮಾಡಿಸಬಹುದು. ಸೈನಿಕನ ಸಂಬಳ ಭತ್ಯೆಗಳನ್ನು ಸಿವಿಲ್ ನ್ಯಾಯಾಲಯ ಜಪ್ತಿ ಮಾಡುವಂತಿಲ್ಲ ಎಂದು ಸೇನಾ ಕಾಯ್ದೆಯ 28ನೇ ಕಲಂ ಹೇಳುತ್ತದೆ. ಇದನ್ನು ಓದಿ ‘ಫೌಜಿಯಿಂದ ಒಂದು ಪೈಸೆ ಬರದು’ ಎಂದು ಕೈಚೆಲ್ಲಿದವರನ್ನು ಕಂಡಿದ್ದೇನೆ. ಅವರು ಅದೇ ಪುಸ್ತಕದ ಮುಂದಿನ ಪುಟಗಳನ್ನು ತಿರುವಿಲ್ಲ. ಹೆಂಡತಿ ಮಕ್ಕಳ ಪೋಷಣೆಗೆ ಸೇನೆಯೇ ಸಂಬಳದಿಂದ ಕಡಿತ ಮಾಡಿ ಕೊಡಲು ಅಧಿಕಾರಿಗಳ ವಿಷಯದಲ್ಲಿ 90ನೇ ಕಲಂ, ಜವಾನರು ಮತ್ತು ಜೆ.ಸಿ.ಒ.ಗಳ (ಸುಬೇದಾರರಂತಹ ಜೂನಿಯರ್ ಕಮಿಷನ್ಡ್ ಆಫೀಸರ್‌ಗಳ) ವಿಷಯದಲ್ಲಿ 91ನೇ ಕಲಂ ಇದೆ. ಪತ್ನಿ ಯೂನಿಟ್‌ಗೆ ಅರ್ಜಿ ಕೊಡುತ್ತಾಳೆ, ಪತಿಗೆ ಶೋಕಾಸ್ ನೋಟಿಸ್ ಹೋಗುತ್ತದೆ, ಅವನ ಉತ್ತರ ನೋಡಿ ಮೇಲಧಿಕಾರಿ ತೀರ್ಮಾನಿಸುತ್ತಾರೆ. ಭೂಸೇನೆಯ ಆದೇಶದಂತೆ ಪತ್ನಿಗೆ ಸಂಬಳ ಭತ್ಯೆಯ ಶೇಕಡಾ 22ರವರೆಗೆ, ಪ್ರತಿ ಮಗುವಿಗೆ ಶೇಕಡಾ 5.5ರವರೆಗೆ, ಒಟ್ಟು ಶೇಕಡಾ 33 ಮೀರದಂತೆ. ಉದಾಹರಣೆಗೆ ಲೆಕ್ಕಕ್ಕೆ ಬರುವ ಮೊತ್ತ 60,000 ರೂಪಾಯಿ ಎಂದಿಟ್ಟುಕೊಂಡರೆ ನಿಮಗೆ 13,200, ಮಗಳಿಗೆ 3,300, ಸೇರಿ 16,500 ರೂಪಾಯಿ ಗರಿಷ್ಠ. ವಾಯುಸೇನೆ, ನೌಕಾಸೇನೆಗಳಿಗೆ ಅವುಗಳದೇ ಕಾಯ್ದೆಗಳಿವೆ.

ಇದು ನ್ಯಾಯಾಲಯಕ್ಕೆ ಬದಲಿಯಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ (ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 125) ಅಡಿ ಜೀವನಾಂಶ ಕೇಳುವ ಹಕ್ಕು ನಿಮಗಿದ್ದೇ ಇದೆ. ಒಂದು ಕಡೆ ಸಿಗುತ್ತಿರುವ ಹಣವನ್ನು ಇನ್ನೊಂದು ಕಡೆ ಮುಚ್ಚಿಡಬೇಡಿ. 2020ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಇಬ್ಬರೂ ಆಸ್ತಿ, ಆದಾಯ, ಸಾಲಗಳ ಅಫಿಡವಿಟ್ ಸಲ್ಲಿಸಲೇಬೇಕು.

ಒಂದು ಎಚ್ಚರಿಕೆ. ಜೀವನಾಂಶಕ್ಕಾಗಿ ಯೂನಿಟ್‌ಗೆ ಬರೆಯುವುದು ನಿಮ್ಮ ಹಕ್ಕು. ಸಿಟ್ಟಿನಲ್ಲಿ ಇಲ್ಲಸಲ್ಲದ್ದನ್ನು ಸೇರಿಸಿ ಮೇಲಧಿಕಾರಿಗಳಿಗೆಲ್ಲ ದೂರು ಕಳಿಸುವುದು ಬೇರೆ. ಪತ್ನಿಯ ಅಂತಹ ಸಾಲು ಸಾಲು ದೂರುಗಳಿಂದ ಒಬ್ಬ ಸೇನಾಧಿಕಾರಿಯ ವೃತ್ತಿಗೆ ಧಕ್ಕೆಯಾದ ಪ್ರಕರಣದಲ್ಲಿ, ಅದು ಮಾನಸಿಕ ಕ್ರೌರ್ಯ ಎಂದು ಪರಿಗಣಿಸಿ 2021ರಲ್ಲಿ ಸುಪ್ರೀಂ ಕೋರ್ಟ್ ಪತಿಗೆ ವಿಚ್ಛೇದನ ನೀಡಿತು.

ರಾಜಿ ಪತ್ರ ಬರೆಯುವಾಗ ನಾನು ಕಂಡ ದೊಡ್ಡ ತಪ್ಪು, ಗಂಡನ ಕೈಯಲ್ಲಿಲ್ಲದ್ದನ್ನು ಅವನಿಂದ ಬರೆಸಿಕೊಳ್ಳುವುದು. ‘ಕ್ಯಾಂಟೀನ್ ಕಾರ್ಡ್ ಪತ್ನಿಯ ಬಳಿಯೇ ಇರತಕ್ಕದ್ದು’, ‘ಮಿಲಿಟರಿ ಆಸ್ಪತ್ರೆಯ ಚಿಕಿತ್ಸೆ ಮುಂದುವರಿಯತಕ್ಕದ್ದು’ ಎಂದೆಲ್ಲ ಬರೆದಿರುತ್ತಾರೆ. ಇವು ಸೈನಿಕನ ಅವಲಂಬಿತೆಗೆ ಸೇನೆ ಕೊಡುವ ಸೌಲಭ್ಯಗಳು. ಡಿಕ್ರಿಯಾದ ಮೇಲೆ ನೀವು ಪತ್ನಿಯಲ್ಲ, ಅವು ಉಳಿಯುವುದಿಲ್ಲ. 91ನೇ ಕಲಮಿನ ಕಡಿತವೂ ಪತ್ನಿಗೆಂದು ಇರುವುದು. ಕುಟುಂಬ ಪಿಂಚಣಿಯೂ ವಿಚ್ಛೇದಿತ ಪತ್ನಿಗೆ ಬರುವುದಿಲ್ಲ. ಕೆಲವು ದೇಶಗಳಲ್ಲಿ ಇರುವಂತೆ ಸೇನಾ ಪಿಂಚಣಿಯನ್ನು ವಿಚ್ಛೇದನದಲ್ಲಿ ಪಾಲು ಮಾಡುವ ಪದ್ಧತಿ ನಮ್ಮಲ್ಲಿಲ್ಲ. ಇವೆಲ್ಲವನ್ನೂ ಮೊದಲೇ ರೂಪಾಯಿಗೆ ತಿರುಗಿಸಿ ಯೋಚಿಸಿ: ಆರೋಗ್ಯ ವಿಮೆಯ ಕಂತು ಎಷ್ಟು, ಬಾಡಿಗೆ ಎಷ್ಟು, ಒಂದೇ ಇಡುಗಂಟು ಬೇಕೋ ತಿಂಗಳ ಹಣ ಬೇಕೋ. ಮಗಳ ವಿಷಯ ಹಾಗಲ್ಲ. ನೀವು ಬೇರೆಯಾದರೂ ಅವಳು ಅವರ ಮಗಳೇ. ಅವಳ ಹೆಸರು ಸೇನಾ ದಾಖಲೆಯಲ್ಲಿ, ಅವಳ ಸೌಲಭ್ಯ ನಿಯಮದಂತೆ ಉಳಿಯುತ್ತವೆ. ತಂದೆಯ ಭೇಟಿಯನ್ನು ‘ಪ್ರತಿ ಎರಡನೇ ಭಾನುವಾರ’ ಎಂದು ಬರೆಸಿದರೆ ಜಮ್ಮುವಿನಲ್ಲಿರುವವರಿಗೆ ಅದು ಕಾಗದದ ಮೇಲಿನ ಮಾತು. ರಜೆಯ ದಿನಗಳಿಗೂ ಫೋನ್ ಕರೆಗಳಿಗೂ ಹೊಂದಿಸಿ ಬರೆಸಿ.

ಡಿಕ್ರಿ ಕೈಗೆ ಬಂದ ಮೇಲೆ ಅವರು ಅದನ್ನು ಯೂನಿಟ್‌ಗೆ ಸಲ್ಲಿಸಿ ಪಾರ್ಟ್ ಟು ಆರ್ಡರ್ (ಸೇವಾ ದಾಖಲೆಯಲ್ಲಿ ಬದಲಾವಣೆ ನಮೂದಿಸುವ ಆದೇಶ) ಮಾಡಿಸಬೇಕು. ವಿಮೆ, ಭವಿಷ್ಯ ನಿಧಿಗಳ ನಾಮನಿರ್ದೇಶನವೂ ಆಗಲೇ ಬದಲಾಗಬೇಕು. ಅಲ್ಲಿಯವರೆಗೆ ಕಡತದಲ್ಲಿ ನೀವೇ ಪತ್ನಿ.

ವಕೀಲರ ಶುಲ್ಕದ ಚಿಂತೆಯಿದ್ದರೆ, ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ; ರಾಜ್ಯ ಕಾನೂನು ಸೇವಾ ಪ್ರಾಧಿಕಾರದ ಕಚೇರಿಯೂ ನ್ಯಾಯ ದೇಗುಲದಲ್ಲೇ ಇದೆ. ಸೈನಿಕರ ಕುಟುಂಬಗಳಿಗೆ ಕಾನೂನು ನೆರವು ಕೊಡಲೆಂದು 2025ರ ಜುಲೈನಲ್ಲಿ ‘ವೀರ ಪರಿವಾರ ಸಹಾಯತಾ ಯೋಜನೆ’ಯೂ ಆರಂಭವಾಗಿದೆ. ಹೋಗುವ ಮುನ್ನ ನಿಮ್ಮ ಪತಿಗೆ ಒಂದು ಫೋನ್ ಮಾಡಿ, ಮುಂದಿನ ರಜೆ ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಎಂದು ಕೇಳಿ ಬರೆದುಕೊಳ್ಳಿ. ಅನುಭವಿ ವಕೀಲರಾದರೆ ಮೊದಲು ಕೇಳುವುದು ಅದನ್ನೇ.