ಹಿಂದಿನ ಬೆಂಚಿನ ಶಾಸಕರ ಒಂದು ವರ್ಷ

ಶಾಸಕರಿಗೆ ಸದನದ ಪ್ರಶ್ನೆಗಳನ್ನು ಸಿದ್ಧ ಮಾಡಿಕೊಡುವುದು ನನ್ನ ಕೆಲಸ. "ನಮ್ಮ ಎಂಎಲ್‌ಎ ಸದನದಲ್ಲಿ ಬಾಯೇ ಬಿಡಲ್ಲ" ಅಂತ ಬೆಂಗಳೂರಿನಲ್ಲಿ ಎಷ್ಟೋ ಜನ ಹೇಳುತ್ತಾರೆ. ಟಿವಿ ನೋಡಿ ಅಳೆದರೆ ಹಾಗೆ ಅನ್ನಿಸುವುದು ಸಹಜ ಅಲ್ವಾ? ವಿಧಾನಸಭೆಯಲ್ಲಿ 224 ಸ್ಥಾನ. ಸಂವಿಧಾನದ ಮಿತಿಯಂತೆ ಮುಖ್ಯಮಂತ್ರಿಯೂ ಸೇರಿ ಮಂತ್ರಿಗಳು 34 ದಾಟುವಂತಿಲ್ಲ. ಉಳಿದವರ ಕೈಯಲ್ಲಿ ಇಲಾಖೆ ಇಲ್ಲ, ಫೈಲ್ ಇಲ್ಲ. ಇರುವುದು ಸದನದ ನಿಯಮಾವಳಿ ಒಂದೇ. ಅದನ್ನು ಬಳಸಲು ಬಂದರೆ ಸಾಕಷ್ಟು ಕೆಲಸ ಮಾಡಿಸಬಹುದು.

ಮಳೆನೀರು ಹರಿಯುವ ರಾಜಕಾಲುವೆಯ ಒತ್ತುವರಿಯನ್ನೇ ತೆಗೆದುಕೊಳ್ಳಿ. "ಒತ್ತುವರಿ ಆಗಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ?" ಎಂದು ಕೇಳಿದರೆ "ಬಂದಿದೆ" ಅಂತ ಉತ್ತರ ಬರುತ್ತದೆ. "ಬಂದಿದ್ದಲ್ಲಿ, ಕೈಗೊಂಡ ಕ್ರಮಗಳೇನು?" ಅಂದರೆ "ನಿಯಮಾನುಸಾರ ಕ್ರಮ ವಹಿಸಲಾಗುತ್ತಿದೆ." ಅಲ್ಲಿಗೆ ಮುಗಿಯಿತು. ಆದ್ದರಿಂದ ನಾವು ಹೀಗೆ ಬರೆಯುತ್ತೇವೆ: ಯಾವ ಸರ್ವೆ ನಂಬರಿನಲ್ಲಿ ಎಷ್ಟು ಗುಂಟೆ ಒತ್ತುವರಿಯಾಗಿದೆ, ನೋಟಿಸ್ ಕೊಟ್ಟ ದಿನಾಂಕ ಯಾವುದು, ತೆರವಾಗಿದ್ದು ಯಾವಾಗ, ಆಗದಿದ್ದರೆ ಕಾರಣವೇನು. ಇದಕ್ಕೆ ಇಲಾಖೆ ಪಟ್ಟಿಯನ್ನೇ ಅನುಬಂಧದಲ್ಲಿ ಕೊಡಬೇಕಾಗುತ್ತದೆ. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿ ಸದನದಲ್ಲೇ ಉತ್ತರಿಸಬೇಕು, ಉಪಪ್ರಶ್ನೆಯನ್ನೂ ಕೇಳಬಹುದು. ಚುಕ್ಕೆ ಇಲ್ಲದ್ದಕ್ಕೆ ಬರೀ ಲಿಖಿತ ಉತ್ತರ. ನನಗೆ ಈ ಎರಡನೆಯದರ ಮೇಲೇ ನಂಬಿಕೆ ಜಾಸ್ತಿ. ಗಲಾಟೆಯಲ್ಲಿ ಕಲಾಪ ಹಾಳಾದರೂ ಕಾಗದ ಕೈಗೆ ಸಿಗುತ್ತದೆ.

ಆ ಪಟ್ಟಿ ವರ್ಷಪೂರ್ತಿ ದುಡಿಯುತ್ತದೆ. ಬಜೆಟ್ ಅಧಿವೇಶನದಲ್ಲಿ ಇಲಾಖೆಗಳ ಅನುದಾನದ ಬೇಡಿಕೆಗಳ ಚರ್ಚೆ ಬಂದಾಗ ಕಾಲುವೆಗೆ ಇಟ್ಟ ದುಡ್ಡು ಎಲ್ಲಿ ಅಂತ ಕೇಳಬಹುದು. ಮಳೆಗೆ ಮನೆಗಳೊಳಗೆ ನೀರು ನುಗ್ಗಿದರೆ ಮಂತ್ರಿಯ ಗಮನ ಸೆಳೆಯುವ ಸೂಚನೆ ಕೊಡಬಹುದು. ಉತ್ತರ ಸಾಲದಿದ್ದರೆ ಅರ್ಧ ಗಂಟೆ ಚರ್ಚೆ ಕೇಳಬಹುದು. ಖಾಸಗಿ ಸದಸ್ಯರ ಮಸೂದೆ, ಅಂದರೆ ಮಂತ್ರಿಯಲ್ಲದವರು ತರುವ ಮಸೂದೆ, ಕಾನೂನಾಗುವುದು ತೀರಾ ಅಪರೂಪ. ಸಂಸತ್ತಿನಲ್ಲೇ 1970ರ ನಂತರ ಅಂಥದ್ದೊಂದೂ ಎರಡೂ ಸದನ ದಾಟಿಲ್ಲ.

ಹೆಚ್ಚು ಜನರಿಗೆ ಗೊತ್ತಿಲ್ಲದ್ದು ಭರವಸೆಗಳ ಸಮಿತಿ. "ಮೂರು ತಿಂಗಳಲ್ಲಿ ತೆರವು ಮಾಡಿಸುತ್ತೇವೆ" ಎಂದು ಮಂತ್ರಿ ಸದನದಲ್ಲಿ ಹೇಳಿದರೆ ಅದು ಸುಮ್ನೆ ಆಡಿದ ಮಾತಾಗಿ ಉಳಿಯುವುದಿಲ್ಲ. ಭರವಸೆ ಎಂದು ದಾಖಲಾಗುತ್ತದೆ. ಏನಾಯಿತು ಅಂತ ಸಮಿತಿ ಅಧಿಕಾರಿಗಳನ್ನೇ ಕರೆಸಿ ಕೇಳುತ್ತದೆ. ಅಲ್ಲಿ ಕ್ಯಾಮೆರಾ ಇರುವುದಿಲ್ಲ. ಎಲ್ಲ ಪಕ್ಷದವರೂ ಇರುತ್ತಾರೆ, ಹಾಗಿದ್ದೂ ಕೂಗಾಟ ಕಡಿಮೆ. ಒಳ್ಳೆಯ ಉಪಪ್ರಶ್ನೆಯ ಗುರಿಯೇ ಇದು: ಮಂತ್ರಿಯ ಬಾಯಲ್ಲಿ "ಪರಿಶೀಲಿಸುತ್ತೇವೆ" ಬದಲು ಒಂದು ಗಡುವು ಹೇಳಿಸುವುದು.

ಪ್ರಶ್ನೋತ್ತರಗಳು ವಿಧಾನಸಭೆಯ ಜಾಲತಾಣದಲ್ಲಿ ಸಿಗುತ್ತವೆ. ನಿಮ್ಮ ಶಾಸಕರು ಎಷ್ಟು ಪ್ರಶ್ನೆ ಕೇಳಿದರು ಅಂತ ಎಣಿಸುತ್ತಾ ಕೂರಬೇಡಿ. ಮಾರ್ಚ್‌ನಲ್ಲಿ ಎತ್ತಿದ ವಿಷಯವನ್ನು ಡಿಸೆಂಬರ್‌ನ ಬೆಳಗಾವಿ ಅಧಿವೇಶನದಲ್ಲೂ ಬಿಡದೆ ಕೇಳಿದ್ದಾರಾ ನೋಡಿ. ಕೇಳಿಲ್ಲದಿದ್ದರೆ ಆ ಹಳೆಯ ಉತ್ತರದ ಪ್ರಿಂಟ್ ತೆಗೆದುಕೊಂಡು ಅವರ ಕಚೇರಿಗೆ ಹೋಗಿ.