ಮೈಕ್ರೋಬಯಾಲಜಿ ಸ್ಪರ್ಧೆಗೆ ಯಾವ ಪುಸ್ತಕ ಕೊಡಿಸಲಿ?

ಪ್ರಶ್ನೆ: ಮಗಳು ಗದಗದಲ್ಲಿ ಸೆಕೆಂಡ್ ಪಿಯುಸಿ ಸೈನ್ಸ್ ಓದುತ್ತಿದ್ದಾಳೆ. ಮುಂದಿನ ತಿಂಗಳು ಧಾರವಾಡದಲ್ಲಿ ಮೈಕ್ರೋಬಯಾಲಜಿ ಸ್ಪರ್ಧೆ ಇದೆ. ಕಾಲೇಜಿನಿಂದ ಇವಳೂ ಇವಳ ಗೆಳತಿಯೂ ಹೋಗುತ್ತಾರೆ. ಅಂಗಡಿಯಲ್ಲಿ ಕೇಳಿದರೆ ಡಾಕ್ಟರ್ ಓದುವ ದಪ್ಪ ಪುಸ್ತಕ ತೋರಿಸಿದರು. ಕೊಡಿಸಲೇ? ಇಲ್ಲಾ ಯೂಟ್ಯೂಬ್ ನೋಡಿದರೆ ಸಾಕಾ?

ಉತ್ತರ: ಬೇಡ ಅಕ್ಕಾ. ಈ ವಾರವಂತೂ ಬೇಡವೇ ಬೇಡ.

ಅಂಗಡಿಯವರದೇನೂ ತಪ್ಪಿಲ್ಲ. ಮೈಕ್ರೋಬಯಾಲಜಿ ಅಂದ ಕೂಡಲೇ ಅವರ ಕೈ ಎಂಬಿಬಿಎಸ್ ಪುಸ್ತಕದ ಕಡೆಗೇ ಹೋಗುತ್ತದೆ. ಬಿಎಸ್ಸಿ ಓದುವಾಗ ನಾನೂ ಅಂಥದ್ದೇ ಒಂದು ಸೆಕೆಂಡ್ ಹ್ಯಾಂಡ್ ಪುಸ್ತಕ ತಂದು ಟೈಫಾಯ್ಡ್, ಕಾಲರಾ, ಧನುರ್ವಾಯು ಅಂತ ತಿಂಗಳುಗಟ್ಟಲೆ ಬಾಯಿಪಾಠ ಮಾಡಿದ್ದೆ. ಸ್ಪರ್ಧೆಯ ದಿನ ಹೋಗಿ ನೋಡಿದರೆ ಮೇಜಿನ ಮೇಲೆ ಒಂದು ಮೈಕ್ರೋಸ್ಕೋಪ್, ಪಕ್ಕದಲ್ಲಿ ಒಂದು ಚೀಟಿ. ಗ್ರಾಂ ಪಾಸಿಟಿವ್, ಗ್ರಾಂ ನೆಗೆಟಿವ್ ಎರಡೂ ಬ್ಯಾಕ್ಟೀರಿಯಾ ಬೆರೆಸಿದ ಸ್ಲೈಡ್ ಇದು, ಎರಡೂ ನೇರಳೆ ಕಾಣುತ್ತಿವೆ, ಯಾವ ಹಂತ ಬಿಟ್ಟುಹೋಗಿದೆ ಅಂತ ಪ್ರಶ್ನೆ. ನಾನೂ ಜೊತೆಗಾರನೂ ಮುಖ ಮುಖ ನೋಡಿಕೊಂಡೆವು.

ವಿಷಯ ಏನೂ ಕಷ್ಟದ್ದಲ್ಲ. 1884ರಲ್ಲಿ ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಗ್ರಾಂ ಪ್ರಕಟಿಸಿದ, ಬ್ಯಾಕ್ಟೀರಿಯಾಕ್ಕೆ ಬಣ್ಣ ಹಾಕಿ ಎರಡು ಗುಂಪಾಗಿ ಗುರುತಿಸುವ ವಿಧಾನ ಅದು. (ತೂಕದ ಗ್ರಾಂಗೂ ಇದಕ್ಕೂ ಸಂಬಂಧ ಇಲ್ಲ, ಎಷ್ಟೋ ಮಕ್ಕಳು ಕೇಳುತ್ತಾರೆ.) ಈಗ ಲ್ಯಾಬ್‌ನಲ್ಲಿ ಮೊದಲು ಕ್ರಿಸ್ಟಲ್ ವೈಲೆಟ್ ಎಂಬ ನೇರಳೆ ಬಣ್ಣ, ಆಮೇಲೆ ಅಯೋಡಿನ್ ಹಾಕುತ್ತಾರೆ. ಆಲ್ಕೋಹಾಲ್‌ನಿಂದ ತೊಳೆದು ಕೊನೆಗೆ ಸಫ್ರನಿನ್ ಹಾಕುತ್ತಾರೆ. ದಪ್ಪ ಗೋಡೆಯ ಬ್ಯಾಕ್ಟೀರಿಯಾ (ಗ್ರಾಂ ಪಾಸಿಟಿವ್) ನೇರಳೆಯನ್ನು ಹಿಡಿದಿಟ್ಟುಕೊಳ್ಳುತ್ತವೆ. ತೆಳು ಗೋಡೆಯವು (ಗ್ರಾಂ ನೆಗೆಟಿವ್) ಆಲ್ಕೋಹಾಲಿಗೆ ಬಣ್ಣ ಬಿಟ್ಟು, ಸಫ್ರನಿನ್ ಬಿದ್ದಾಗ ಗುಲಾಬಿಯಾಗುತ್ತವೆ. ಆಲ್ಕೋಹಾಲ್ ಹಾಕದಿದ್ದರೆ ಎರಡೂ ನೇರಳೆ. ಜಾಸ್ತಿ ಹೊತ್ತು ಬಿಟ್ಟರೆ ಎರಡೂ ಗುಲಾಬಿ. ಸಫ್ರನಿನ್ ಮರೆತರೆ ತೆಳು ಗೋಡೆಯವು ಕಾಣುವುದೇ ಕಷ್ಟ. ನಾಲ್ಕು ಹಂತದ ಹೆಸರು ನನಗೆ ನಿದ್ದೆಯಲ್ಲೂ ಬರುತ್ತಿತ್ತು. ತಿರುಗಿಸಿ ಕೇಳಿದಾಗ ಬರಲಿಲ್ಲ. ಒಂದು ಸಲ ಸ್ವಂತ ಕೈಯಲ್ಲಿ ಸ್ಲೈಡ್ ಕೆಡಿಸಿದ್ದರೆ ಬರುತ್ತಿತ್ತು.

ಅದಕ್ಕೇ ಮೊದಲು ಪ್ರಶ್ನೆ ಹೇಗಿರುತ್ತದೆ ಅಂತ ತಿಳಿದುಕೊಳ್ಳಿ. ಸಿಲಬಸ್ ಇದೆಯಾ, ಹಳೇ ಪ್ರಶ್ನೆಪತ್ರಿಕೆ ಸಿಗುತ್ತದಾ, ಬರೀ ಕ್ವಿಜ್ಜಾ ಅಥವಾ ಸ್ಲೈಡ್, ಚಿತ್ರ ಇಡುತ್ತಾರಾ? ಇಷ್ಟನ್ನು ಲೆಕ್ಚರರ್ ಮೂಲಕ ಕೇಳಿಸಿ. ಸಿಲಬಸ್ ಹಾಳೆಯಲ್ಲಿ ಇಲ್ಲದ್ದನ್ನು ಓದಲೇಬೇಡಿ ಅಂತ ಮಗಳಿಗೆ ಹೇಳಿ. ಈ ಒಂದು ಕೆಲಸವೇ ಅರ್ಧ ಓದಿಗೆ ಸಮ.

ಇನ್ನು ಪುಸ್ತಕ. ಅವಳ ಬ್ಯಾಗಿನಲ್ಲಿರುವ ಎನ್‌ಸಿಇಆರ್‌ಟಿ ಬಯಾಲಜಿಯಿಂದಲೇ ಶುರು ಮಾಡಲಿ. ಫಸ್ಟ್ ಪಿಯುಸಿಯ ಜೀವಿಗಳ ವರ್ಗೀಕರಣ, ಜೀವಕೋಶದ ಪಾಠ; ಸೆಕೆಂಡ್ ಪಿಯುಸಿಯ ಆರೋಗ್ಯ ಮತ್ತು ರೋಗ, ಮನುಷ್ಯನಿಗೆ ನೆರವಾಗುವ ಸೂಕ್ಷ್ಮಜೀವಿಗಳ ಪಾಠ. ಇವು ಗಟ್ಟಿಯಾದ ಮೇಲೆ ಓಪನ್‌ಸ್ಟ್ಯಾಕ್ಸ್ ಎಂಬ ಸಂಸ್ಥೆಯ ಮೈಕ್ರೋಬಯಾಲಜಿ ಪುಸ್ತಕ ನೋಡಲಿ. ಅಮೆರಿಕದ ಸೂಕ್ಷ್ಮಜೀವಿ ವಿಜ್ಞಾನಿಗಳ ಸಂಘದ ಜೊತೆ ಸೇರಿ 2016ರಲ್ಲಿ ತಂದದ್ದು. ಇಂಗ್ಲಿಷಿನಲ್ಲಿದೆ, ಪಿಡಿಎಫ್ ಪೂರ್ತಿ ಉಚಿತ. ಸಾವಿರಕ್ಕೂ ಮೀರಿ ಪುಟ ಇವೆ ಅಂತ ಹೆದರಬೇಡಿ. ಸಿಲಬಸ್ ಹಿಡಿದುಕೊಂಡು, ಬೇಕಾದ ಪಾಠ ಮಾತ್ರ ತೆಗೆಯಬೇಕು.

ಸೆಕೆಂಡ್ ಹ್ಯಾಂಡ್ ಪುಸ್ತಕ ತರುವುದಾದರೆ ಮುದ್ರಣದ ವರ್ಷ ನೋಡಿ. ಈ ಶಾಸ್ತ್ರದಲ್ಲಿ ಹೆಸರು ಬದಲಾಗುತ್ತಲೇ ಇರುತ್ತವೆ. 2020ರಲ್ಲಿ ಲ್ಯಾಕ್ಟೊಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾಗಳ ದೊಡ್ಡ ಕುಲವನ್ನು ಒಡೆದು 25 ಕುಲ ಮಾಡಿದರು, ಅಣ್ಣ ತಮ್ಮಂದಿರು ಪಾಲಾದ ಹಾಗೆ. ಯೋಗರ್ಟ್ ಮಾಡುವ ಬಲ್ಗೇರಿಕಸ್ ಹಳೇ ಹೆಸರಿನಲ್ಲೇ ಉಳಿಯಿತು. ಕೇಸಿ, ಪ್ಲ್ಯಾಂಟಾರಂ ಎಂಬ ಪ್ರಭೇದಗಳು ಬೇರೆ ಮನೆ ಮಾಡಿದವು. ಹಳೇ ಹೆಸರು ಬರೆದು ಅಂಕ ಕಳೆದುಕೊಂಡರೆ ಹೊಟ್ಟೆ ಉರಿಯುತ್ತದೆ, ಅಲ್ವಾ?

ಯೂಟ್ಯೂಬ್ ಕೆಟ್ಟದ್ದೇನಲ್ಲ. ಗೊತ್ತಿಲ್ಲದ್ದನ್ನು ಒಂದು ಸಲ ಅರ್ಥ ಮಾಡಿಕೊಳ್ಳಲು ಸರಿ. ಆದರೆ ವಿಡಿಯೋ ನೋಡುವಾಗ ಎಲ್ಲ ಗೊತ್ತಾದಂತೆ ಅನಿಸುತ್ತದೆ, ಪೆನ್ನು ಹಿಡಿದಾಗ ಬರುವುದಿಲ್ಲ. ಲೆಕ್ಕದ ಪ್ರಶ್ನೆಯಲ್ಲಂತೂ ಇದು ಖಾತ್ರಿ. ಒಂದು ಲೆಕ್ಕ ಕೊಡುತ್ತೇನೆ, ಇವತ್ತು ರಾತ್ರಿ ಮಗಳಿಗೆ ಹಾಕಿ. ಬ್ಯಾಕ್ಟೀರಿಯಾ ಇರುವ ಒಂದು ದ್ರವವನ್ನು ಹತ್ತು ಸಾವಿರ ಪಟ್ಟು ತೆಳು ಮಾಡಿದ್ದಾರೆ. ಅದರಲ್ಲಿ 0.1 ಮಿ.ಲೀ. ತೆಗೆದು ಅಗರ್ ತಟ್ಟೆಗೆ (ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆ) ಸವರಿದರೆ 85 ಕಾಲೊನಿ, ಅಂದರೆ ಒಂದೊಂದು ಬ್ಯಾಕ್ಟೀರಿಯಾದಿಂದ ಹುಟ್ಟಿದ ಚುಕ್ಕೆ, ಬೆಳೆದವು. ಮೂಲ ದ್ರವದ ಒಂದು ಮಿ.ಲೀ.ನಲ್ಲಿ ಎಷ್ಟು ಬ್ಯಾಕ್ಟೀರಿಯಾ? ಬಹಳ ಮಕ್ಕಳು ಎಂಟೂವರೆ ಲಕ್ಷ ಅನ್ನುತ್ತಾರೆ. ತಟ್ಟೆಗೆ ಬಿದ್ದದ್ದು ಒಂದು ಮಿ.ಲೀ. ಅಲ್ಲ, ಅದರ ಹತ್ತನೇ ಒಂದು ಪಾಲು ಅನ್ನುವುದೇ ಮರೆತುಹೋಗಿರುತ್ತದೆ. ಸರಿ ಉತ್ತರ 85 ಲಕ್ಷ. ಇಂಥ ಲೆಕ್ಕ ದಿನಕ್ಕೆ ಎರಡು ಮಾಡಿದರೆ ಸಾಕು. ಅಭ್ಯಾಸಕ್ಕೆ ಬೇಕಾದರೆ, ಅಮೆರಿಕದ ಸೈನ್ಸ್ ಒಲಿಂಪಿಯಾಡ್‌ನಲ್ಲಿ ಕೆಲವು ವರ್ಷ ಮೈಕ್ರೋಬ್ ಮಿಷನ್ ಅಂತ ಒಂದು ವಿಭಾಗವೇ ಇತ್ತು. ಅದರ ಹಳೇ ಪ್ರಶ್ನೆಗಳು ನೆಟ್‌ನಲ್ಲಿ ಸಿಗುತ್ತವೆ. ಸಿಲಬಸ್ ನಮ್ಮದಲ್ಲ, ಆದರೆ ಪ್ರಶ್ನೆ ಕೇಳುವ ರೀತಿ ತಿಳಿಯುತ್ತದೆ.

ಚಿತ್ರ ಗುರುತಿಸಲು ಗೆಳತಿಯರಿಬ್ಬರೂ ಚೀಟಿ ಮಾಡಿಕೊಳ್ಳಲಿ. ಒಂದು ಕಡೆ ಚಿತ್ರ, ಹಿಂದೆ ಹೆಸರು ಮತ್ತು ಅಳತೆ. ಅಳತೆ ಬಿಡಬಾರದು. ಇ. ಕೋಲೈ ಬ್ಯಾಕ್ಟೀರಿಯಾ ಸುಮಾರು 2 ಮೈಕ್ರೋಮೀಟರ್ ಉದ್ದ, ಯೀಸ್ಟ್ ಅದಕ್ಕಿಂತ ಎಷ್ಟೋ ದಪ್ಪ. ಚಿತ್ರದ ಮೂಲೆಯ ಅಳತೆಗೆರೆ ನೋಡಿದರೇ ಅರ್ಧ ಉತ್ತರ ಹೊಳೆಯುತ್ತದೆ.

ಇನ್ನೊಂದು ಸಾಮಗ್ರಿ ನಿಮ್ಮ ಊರಿನಲ್ಲೇ ಇದೆ, ದುಡ್ಡು ಬೇಕಿಲ್ಲ. ಹೊಲದಲ್ಲಿ ಈಗ ಹೆಸರು ಅಥವಾ ಶೇಂಗಾ ಇದ್ದರೆ ಒಂದು ಗಿಡ ಮಣ್ಣು ಸಮೇತ ನಿಧಾನಕ್ಕೆ ಅಗೆದು ತೆಗೆಯಿರಿ. ಸುಮ್ನೆ ಕಿತ್ತರೆ ಬ್ಯಾಕ್ಟೀರಿಯಾ ಇರುವ ಬೇರಿನ ಗಂಟು ಮಣ್ಣಲ್ಲೇ ಉಳಿಯುತ್ತವೆ. ಬೇರು ತೊಳೆದು, ಒಂದು ಗಂಟನ್ನು ಉಗುರಿನಿಂದ ಸೀಳಿ ನೋಡಲಿ. ಒಳಗೆ ಗುಲಾಬಿ ಕೆಂಪು ಇದ್ದರೆ ಅದು ಲೆಗ್‌ಹಿಮೋಗ್ಲೋಬಿನ್ ಎಂಬ ಕೆಂಪು ಪ್ರೋಟೀನ್. ಬ್ಯಾಕ್ಟೀರಿಯಾ ಕೆಲಸದಲ್ಲಿವೆ, ಗಾಳಿಯ ಸಾರಜನಕ ಹಿಡಿಯುತ್ತಿವೆ ಅಂತ ಅರ್ಥ. ಹಸಿರು ಅಥವಾ ಕಂದು ಇದ್ದರೆ ಆ ಗಂಟಿನ ಕಾಲ ಮುಗಿದಿದೆ. ಶಾಲೆ ಪುಸ್ತಕ ಇಂಥ ಬ್ಯಾಕ್ಟೀರಿಯಾಕ್ಕೆಲ್ಲ ರೈಝೋಬಿಯಂ ಅಂದುಬಿಡುತ್ತದೆ. ಶೇಂಗಾ, ಹೆಸರಿನ ಬೇರಿನಲ್ಲಿ ಹೆಚ್ಚಾಗಿ ಇರುವುದು ಬ್ರ್ಯಾಡಿರೈಝೋಬಿಯಂ. ಬಿತ್ತುವ ಮುಂಚೆ ಬೆಲ್ಲದ ನೀರಿನಲ್ಲಿ ಕಲಸಿ ಬೀಜಕ್ಕೆ ಹಚ್ಚುವ ಪೊಟ್ಟಣ ಇದೇ ಜಾತಿಯದು. ಮನೆಯಲ್ಲಿ ಹಿರಿಯರು ಬೀಜೋಪಚಾರ ಮಾಡಿದ್ದರೆ ಅವರನ್ನೇ ಕೇಳಲಿ.

ದಪ್ಪ ಪುಸ್ತಕ ಕಾಲೇಜು ಲೈಬ್ರರಿಯಲ್ಲಿ ಇದೆಯಾ ಅಂತ ಕೇಳಿ ನೋಡಲಿ. ಸಿಲಬಸ್‌ನಲ್ಲಿ ರೋಗಗಳ ಭಾಗ ಇದ್ದರೆ ಆ ನಾಲ್ಕು ಪುಟ ಅಲ್ಲೇ ಕೂತು ಬರೆದುಕೊಳ್ಳಲಿ. ಅಂಗಡಿಯವರು ನಿಮಗೆಂದು ಎತ್ತಿಟ್ಟಿದ್ದರೆ ನಾಳೆಯೇ ಫೋನ್ ಮಾಡಿ ಬೇಡ ಅಂದುಬಿಡಿ. ಆ ದುಡ್ಡಿನಲ್ಲಿ ಹುಡುಗಿಯರಿಬ್ಬರೂ ಒಂದು ವಾರ ಮೊದಲೇ ಧಾರವಾಡಕ್ಕೆ ಹೋಗಿ, ಲೆಕ್ಚರರ್ ಪರಿಚಯದ ಯಾವುದಾದರೂ ಲ್ಯಾಬ್‌ನಲ್ಲಿ ಒಂದು ಗ್ರಾಂ ಸ್ಲೈಡ್ ಮಾಡಿ ಕೆಡಿಸಿ ಬರಲಿ. ಬಸ್ ಚಾರ್ಜ್ ಕಳೆದರೂ ದುಡ್ಡು ಉಳಿಯುತ್ತದೆ.