ಕಣ್ಣಲ್ಲಿ ಮಿಂಚು, ಜೊತೆಗೆ ತಲೆಸುತ್ತು: ಯಾಕೆ ಹೀಗಾಗುತ್ತದೆ?

ಓದುಗರ ಪ್ರಶ್ನೆ: ಇತ್ತೀಚೆಗೆ ಆಗಾಗ ಕಣ್ಣ ಮುಂದೆ ಬೆಳಕು ಮಿಂಚಿದ ಹಾಗೆ ಆಗುತ್ತದೆ. ತಲೆಯೂ ಸುತ್ತುತ್ತದೆ. ಕಣ್ಣಿನ ಡಾಕ್ಟರಿಗೆ ತೋರಿಸಬೇಕೋ, ಬಿಪಿ ನೋಡಿಸಬೇಕೋ ಗೊತ್ತಾಗುತ್ತಿಲ್ಲ. ಇದಕ್ಕೆ ಕಾರಣ ಏನಿರಬಹುದು?

ಉತ್ತರ: ಎರಡೂ ಒಟ್ಟಿಗೆ ಶುರುವಾದರೆ ಒಂದೇ ಕಾಯಿಲೆ ಅಂದುಕೊಳ್ಳುವುದು ಸಹಜ. ಆದರೆ ಮಿಂಚಿಗೆ ಒಂದು ಕಾರಣ, ತಲೆಸುತ್ತಿಗೆ ಇನ್ನೊಂದು ಕಾರಣ ಇರಬಹುದು. ಹಾಗಾಗಿ ಮಿಂಚು ಎಲ್ಲಿಂದ ಬರುತ್ತಿದೆ ಎಂದು ಮೊದಲು ತಿಳಿಯಬೇಕು. ಮಿಂಚು ಕಂಡಾಗ ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿ ನೋಡಿ. ಆಮೇಲೆ ಇನ್ನೊಂದನ್ನು ಮುಚ್ಚಿ. ಒಂದೇ ಕಣ್ಣಿನಲ್ಲಿ ಇದ್ದರೆ ತೊಂದರೆ ಸಾಮಾನ್ಯವಾಗಿ ಆ ಕಣ್ಣಿನ ಒಳಗೇ ಇರುತ್ತದೆ. ಯಾವ ಕಣ್ಣು ಮುಚ್ಚಿದರೂ ಕಾಣುತ್ತಿದ್ದರೆ, ಅದು ಹೆಚ್ಚಾಗಿ ಮೆದುಳಿನಿಂದ ಬರುತ್ತಿದೆ ಎಂದರ್ಥ. ಬಲಗಡೆ ಮಿಂಚಿದರೆ ಬಲಗಣ್ಣಿನದೇ ತೊಂದರೆ ಎಂದು ಎಷ್ಟೋ ಜನ ತಪ್ಪು ತಿಳಿಯುತ್ತಾರೆ. ಮುಚ್ಚಿ ನೋಡದೆ ಅದನ್ನು ಹೇಳಲು ಆಗುವುದಿಲ್ಲ.

ಒಂದೇ ಕಣ್ಣಿನ ಮಿಂಚನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಕಣ್ಣುಗುಡ್ಡೆಯ ಒಳಗೆ ತಿಳಿಯಾದ ಲೋಳೆ ತುಂಬಿರುತ್ತದೆ. ಹಿಂದಿನ ಗೋಡೆಗೆ ರೆಟಿನಾ ಎಂಬ ತೆಳುವಾದ ಪದರ ಅಂಟಿಕೊಂಡಿರುತ್ತದೆ. ಬೆಳಕನ್ನು ಹಿಡಿಯುವುದು ಇದೇ. ವಯಸ್ಸಾದಂತೆ ಲೋಳೆ ಕುಗ್ಗಿ ರೆಟಿನಾದಿಂದ ಬಿಡಿಸಿಕೊಳ್ಳುತ್ತದೆ. ಬಿಡಿಸಿಕೊಳ್ಳುವಾಗ ಅದನ್ನು ಎಳೆಯುತ್ತದೆ. ರೆಟಿನಾಕ್ಕೆ ನೋವು ಗೊತ್ತಾಗುವುದಿಲ್ಲ, ಎಳೆತವೂ ಅದಕ್ಕೆ ಬೆಳಕಾಗಿಯೇ ಕಾಣುತ್ತದೆ. ಅದಕ್ಕೇ ಕತ್ತಲಲ್ಲಿ ಕಣ್ಣು ಹೊರಳಿಸಿದಾಗ ನೋಟದ ಅಂಚಿನಲ್ಲಿ ಕ್ಷಣಮಾತ್ರ ಮಿಂಚು ಹೊಳೆಯುವುದು. 50 ದಾಟಿದವರಲ್ಲಿ ಇದು ಸಾಮಾನ್ಯ. ಜಾಸ್ತಿ ಮೈನಸ್ ಪವರ್ ಇದ್ದವರಲ್ಲಿ, ಪೊರೆಯ ಆಪರೇಷನ್ ಆದವರಲ್ಲಿ, ಕಣ್ಣಿಗೆ ಪೆಟ್ಟು ಬಿದ್ದವರಲ್ಲಿ ಇನ್ನೂ ಬೇಗ ಬರಬಹುದು.

ಬಹಳಷ್ಟು ಜನರಿಗೆ ಇದರಿಂದ ಅಪಾಯವಾಗುವುದಿಲ್ಲ, ಕೆಲವು ವಾರ ಅಥವಾ ತಿಂಗಳಲ್ಲಿ ಮಿಂಚು ತಾನಾಗಿ ಕಡಿಮೆಯಾಗುತ್ತದೆ. ಆದರೆ ಹೀಗೆ ಹೊಸದಾಗಿ ಶುರುವಾದ ಸುಮಾರು 10 ಜನರಲ್ಲಿ ಒಬ್ಬರಿಗೆ ರೆಟಿನಾ ಹರಿದಿರುತ್ತದೆ. ಹರಿದ ಜಾಗದಲ್ಲಿ ಕಣ್ಣೊಳಗಿನ ನೀರು ನುಗ್ಗಿದರೆ, ಗೋಡೆಯಿಂದ ಬಣ್ಣ ಎದ್ದ ಹಾಗೆ ಪದರವೇ ಕಳಚಿಕೊಳ್ಳುತ್ತದೆ. ಬರೀ ಹರಿದಿದ್ದರೆ ಸಾಮಾನ್ಯವಾಗಿ ಲೇಸರ್ ಸಾಕು, ಅದೇ ದಿನ ಮನೆಗೆ ಹೋಗಬಹುದು. ಕಳಚಿಕೊಂಡರೆ ಆಪರೇಷನ್ ಬೇಕು, ಆದರೂ ನೋಟ ಪೂರ್ತಿ ಬಾರದೆ ಹೋಗಬಹುದು. ಮಿಂಚು ಹೊಸದಾಗಿದ್ದರೆ, ಕಪ್ಪು ಚುಕ್ಕೆಗಳು ಒಮ್ಮೆಲೇ ಹೆಚ್ಚಾದರೆ, ಒಂದು ಬದಿಯಿಂದ ಪರದೆ ಇಳಿದಂತೆ ಕಂಡರೆ, ಅದೇ ದಿನ ಕಣ್ಣಿನ ಡಾಕ್ಟರಿಗೆ ತೋರಿಸಿ. ನೋವಿಲ್ಲವಲ್ಲ ಎಂದು ಕಾಯಬೇಡಿ. ಕಾದೇ ಎಷ್ಟೋ ಜನ ನೋಟ ಕಳೆದುಕೊಳ್ಳುತ್ತಾರೆ ಎನ್ನುವುದು ನಿಜಕ್ಕೂ ಸಂಕಟದ ವಿಷಯ. ಹನಿ ಹಾಕಿ ಪಾಪೆ ಅಗಲಿಸಿ ನೋಡಿದರೆ ಮಾತ್ರ ಹರಿದ ಜಾಗ ಸರಿಯಾಗಿ ಕಾಣುತ್ತದೆ, ಬರೀ ಕನ್ನಡಕದ ಪರೀಕ್ಷೆ ಸಾಲದು. ಅಂದಹಾಗೆ, ರೆಟಿನಾದ ಈ ತೊಂದರೆಯಿಂದ ತಲೆ ಸುತ್ತುವುದಿಲ್ಲ. ಅದಕ್ಕೆ ಬೇರೆ ಕಾರಣ ಹುಡುಕಬೇಕು.

ಎರಡೂ ಕಣ್ಣಲ್ಲಿ ಕಾಣುವ ಮಿಂಚಿಗೆ ಮುಖ್ಯ ಕಾರಣ ಮೈಗ್ರೇನ್. ಇದರ ನಡೆ ಬೇರೆ. ನೋಟದ ನಡುವೆ ಚಿಕ್ಕ ಮಸುಕಾಗಿ ಶುರುವಾಗಿ, ಅಂಕುಡೊಂಕಾದ ಹೊಳೆಯುವ ಗೆರೆಗಳಾಗಿ ನಿಧಾನಕ್ಕೆ ಅಂಚಿನ ಕಡೆ ಹರಡುತ್ತದೆ. ಕಣ್ಣು ಮುಚ್ಚಿದರೂ ಕಾಣಬಹುದು. ಸಾಮಾನ್ಯವಾಗಿ 5 ನಿಮಿಷದಿಂದ ಒಂದು ಗಂಟೆಯೊಳಗೆ ಮುಗಿಯುತ್ತದೆ. ಮೆದುಳಿನ ಹಿಂಭಾಗದಲ್ಲಿ, ನೋಟಕ್ಕೆ ಸಂಬಂಧಿಸಿದ ಜಾಗದ ಮೇಲೆ ನರಕೋಶಗಳ ಚಟುವಟಿಕೆಯ ಒಂದು ಅಲೆ ನಿಮಿಷಕ್ಕೆ ಸುಮಾರು 3 ಮಿಲಿಮೀಟರಿನಂತೆ ಸಾಗುತ್ತದೆ. ಅದಕ್ಕೇ ಈ ನಿಧಾನ. ಆಮೇಲೆ ತಲೆನೋವು ಬರಲೇಬೇಕು ಎಂದೇನಿಲ್ಲ. ಮೈಗ್ರೇನ್ ಇದ್ದವರಿಗೆ ತಲೆಸುತ್ತೂ ಬರಬಹುದು, ಅದು ಕೆಲವು ನಿಮಿಷದಿಂದ 3 ದಿನದವರೆಗೂ ಇರಬಹುದು. ನಿಮ್ಮ ಎರಡೂ ತೊಂದರೆಗೆ ಒಂದೇ ಕಾರಣ ಇದ್ದರೆ, ನಾನು ಮೊದಲು ಯೋಚಿಸುವುದು ಇದನ್ನೇ. ಆದರೆ 50ರ ನಂತರ ಮೊದಲ ಸಲ ಬಂದರೆ ನೀವೇ ಮೈಗ್ರೇನ್ ಎಂದು ತೀರ್ಮಾನಿಸಬೇಡಿ, ತೋರಿಸಿ.

ಎದ್ದು ನಿಂತ ಕೂಡಲೇ ಕಣ್ಣು ಕತ್ತಲೆ ಬಂದು ಚುಕ್ಕಿ ಚುಕ್ಕಿ ಕಂಡರೆ ಅದು ರಕ್ತದೊತ್ತಡ ಇಳಿಯುವ ಲಕ್ಷಣ. ಕೂತು ಅಥವಾ ಮಲಗಿ ಒಮ್ಮೆ, ನಿಂತ 3 ನಿಮಿಷದೊಳಗೆ ಇನ್ನೊಮ್ಮೆ ಬಿಪಿ ನೋಡಿಸಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಕಾರಣ ಸಿಕ್ಕ ಹಾಗೆ. ನೀರು ಕಡಿಮೆ ಕುಡಿಯುವುದು, ರಕ್ತ ಕಡಿಮೆ ಇರುವುದು, ಬಿಪಿ ಅಥವಾ ಪ್ರಾಸ್ಟೇಟ್ ಮಾತ್ರೆ, ಇವೆಲ್ಲ ಇದಕ್ಕೆ ದಾರಿ. ಮಾತ್ರೆಯನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ. ಶುಗರ್ ಇಳಿದರೂ ತಲೆ ಸುತ್ತಬಹುದು, ಹಾಗಾಗಿ ಸಕ್ಕರೆ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವವರು ತಕ್ಷಣ ಶುಗರ್ ನೋಡಿಕೊಳ್ಳಬೇಕು. 70ಕ್ಕಿಂತ ಕೆಳಗಿದ್ದರೆ ಸಿಹಿ ತೆಗೆದುಕೊಂಡು 15 ನಿಮಿಷ ಬಿಟ್ಟು ಮತ್ತೆ ನೋಡಬೇಕು.

ಮಲಗಿ ಹೊರಳಿದಾಗ ಮಾತ್ರ ಕೆಲವು ಸೆಕೆಂಡು ಕೋಣೆ ತಿರುಗಿದಂತಾದರೆ ಅದು ಹೆಚ್ಚಾಗಿ ಒಳಕಿವಿಯ ತೊಂದರೆ. ಅದಕ್ಕೂ ಮಿಂಚಿಗೂ ಸಂಬಂಧವಿಲ್ಲ.

ಇನ್ನು ತಡಮಾಡಲೇಬಾರದ ಎರಡು ಸಂದರ್ಭಗಳಿವೆ. 20 ವಾರ ದಾಟಿದ ಗರ್ಭಿಣಿಗೆ ಮಿಂಚು ಕಂಡು, ಜೋರು ತಲೆನೋವೋ ಪಕ್ಕೆಲುಬಿನ ಕೆಳಗೆ ನೋವೋ ಇದ್ದರೆ ಬಿಪಿ ಏರಿರಬಹುದು. ಹೆರಿಗೆಯಾದ ಮೊದಲ ಕೆಲವು ವಾರಗಳಲ್ಲೂ ಹೀಗಾಗಬಹುದು. ಕೂಡಲೇ ಆಸ್ಪತ್ರೆಗೆ ಹೋಗಬೇಕು. ತಲೆಸುತ್ತಿನ ಜೊತೆ ಮಾತು ತೊದಲಿದರೆ, ಮುಖ ಸೊಟ್ಟಗಾದರೆ, ಒಂದು ಕಡೆ ಕೈಕಾಲು ಸೋತರೆ, ಒಂದು ಎರಡಾಗಿ ಕಂಡರೆ ಅದು ಸ್ಟ್ರೋಕ್ ಇರಬಹುದು. ಹೆಪ್ಪುಗಟ್ಟಿದ ರಕ್ತ ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಲಕ್ಷಣ ತಾನಾಗಿ ಹೋದರೂ ಆಸ್ಪತ್ರೆಗೆ ಹೋಗುವುದನ್ನು ಬಿಡಬೇಡಿ.

ಇವ್ಯಾವುದೂ ಇಲ್ಲದಿದ್ದರೆ, ಮಿಂಚು ಯಾವ ಕಣ್ಣಲ್ಲಿ, ಎಷ್ಟು ಹೊತ್ತು, ಏನು ಮಾಡುವಾಗ ಬಂತು, ತಲೆಸುತ್ತು ಮೊದಲೋ ಆಮೇಲೋ ಎಂದು ಬರೆದಿಟ್ಟು, ತೆಗೆದುಕೊಳ್ಳುವ ಮಾತ್ರೆಗಳ ಜೊತೆ ಡಾಕ್ಟರಿಗೆ ತೋರಿಸಿ. ಕಾರಣ ತಿಳಿಯುವವರೆಗೆ ಗಾಡಿ ಓಡಿಸಬೇಡಿ, ಏಣಿ ಹತ್ತಬೇಡಿ.